ಪ್ರಾಣ ಕೊಟ್ಟವರು ಮತ್ತು ಪೌರತ್ವ

ದೇಶಕ್ಕಾಗಿ ಪ್ರಾಣ ಕೊಟ್ಟವನು ಆ ದೇಶದವನೇ ತಾನೇ? ಮೇಲ್ನೋಟಕ್ಕೆ ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಆದರೆ ಮೈಸೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಸಿಗುವ ಬೈಲಕುಪ್ಪೆಯಲ್ಲಿ ನಿಂತು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಟಿಬೆಟನ್ನರಲ್ಲಿ ಹಲವರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ನೆಲೆ ಕೊಟ್ಟಿತು. ಅವರು ಕಾಡು ಕಡಿದು, ಜೋಳ ಬಿತ್ತಿ ಬದುಕು ಕಟ್ಟಿಕೊಂಡರು. 1962ರ ನವೆಂಬರ್‌ನಲ್ಲಿ, ಚೀನಾ ಯುದ್ಧದ ಬಿಸಿಯಲ್ಲಿ, ಭಾರತ ಸರ್ಕಾರ ಟಿಬೆಟನ್ನರನ್ನು ಸೇರಿಸಿ ಒಂದು ಗುಪ್ತ ಪಡೆ ಕಟ್ಟಿತು. ಅದರ ಹೆಸರು ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. 1971ರಲ್ಲಿ ಆ ಪಡೆ ಚಿತ್ತಗಾಂಗ್ ಗುಡ್ಡಗಳಲ್ಲಿ ಹೋರಾಡಿತು. ಎದುರಿಗಿದ್ದದ್ದು ಅವರ ನಾಡನ್ನು ಕಿತ್ತುಕೊಂಡ ಚೀನಾ ಅಲ್ಲ, ಪಾಕಿಸ್ತಾನ. ಹಲವರು ಸತ್ತರು. ಯುದ್ಧ ನಮ್ಮದು, ಸತ್ತವರು ನಿರಾಶ್ರಿತರು.

ಹಾಗಾದರೆ ಪೌರತ್ವ? ಕಾನೂನು ಕೇಳುವುದು ಯುದ್ಧವನ್ನಲ್ಲ, ಹುಟ್ಟಿದ ದಿನವನ್ನು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಈ ನಿಯಮ ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು. ಟಿಬೆಟ್‌ನಲ್ಲಿ ಹುಟ್ಟಿದ ದಂಪತಿಗೆ ಬೈಲಕುಪ್ಪೆಯಲ್ಲಿ ಇಬ್ಬರು ಮಕ್ಕಳು ಹುಟ್ಟಿದರು ಎಂದುಕೊಳ್ಳೋಣ. 1986ರಲ್ಲಿ ಹುಟ್ಟಿದ ಅಣ್ಣ ಭಾರತೀಯ, 1988ರಲ್ಲಿ ಹುಟ್ಟಿದ ತಂಗಿ ವಿದೇಶಿ. ಅಪ್ಪ 1971ರಲ್ಲಿ ಹೋರಾಡಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇದು ಅನ್ಯಾಯ, ರಕ್ತ ಸುರಿಸಿದವರಿಗೆ ಪೌರತ್ವ ಕೊಟ್ಟುಬಿಡಬೇಕು ಎಂದು ತಕ್ಷಣ ಅನ್ನಿಸುತ್ತದೆ. ಆದರೆ ಆ ಮಾತಿನಲ್ಲೂ ಒಂದು ಅಪಾಯವಿದೆ. ರಕ್ತವೇ ಅಳತೆಗೋಲಾದರೆ ಯುದ್ಧಕ್ಕೆ ಹೋಗದ ಮುದುಕಿ, ಉಣ್ಣೆ ಸ್ವೆಟರ್ ಮಾರಿ ಬದುಕುವವಳು, ಅಹಿಂಸೆಯ ವ್ರತ ಹಿಡಿದ ಭಿಕ್ಷು ಇವರೆಲ್ಲ ಕಡಿಮೆಯವರೇ? ಜಯನಗರದಲ್ಲೋ ಬನಶಂಕರಿಯಲ್ಲೋ ಹುಟ್ಟಿದ ನಮ್ಮಲ್ಲಿ ಹೆಚ್ಚಿನವರು ಪೌರತ್ವಕ್ಕಾಗಿ ಮಾಡಿದ್ದಾದರೂ ಏನು? ಹುಟ್ಟಿದೆವು, ಅಷ್ಟೇ. ನಮಗೆ ಪುಕ್ಕಟೆ ಸಿಕ್ಕಿದ್ದಕ್ಕೆ ಹೊರಗಿನವರಿಂದ ಪ್ರಾಣದ ಬೆಲೆ ಕೇಳುವುದು ಯಾವ ನ್ಯಾಯ?

ಈ ಬೆಲೆ ಕೊಟ್ಟರೂ ಸರಕು ಸಿಗುತ್ತದೆಂಬ ಖಾತ್ರಿಯಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರಿದ್ದರು. ಅವರು ಸಾಮ್ರಾಜ್ಯಕ್ಕಾಗಿ ಕಾದಾಡಿದರು, ಆದರೆ ಅದರ ಪ್ರಜೆಗಳಾಗಿಯೇ ಉಳಿದರು. ಮರುವರ್ಷವೇ ಆ ಸಾಮ್ರಾಜ್ಯ ಭಾರತೀಯರಿಗೆ ಕೊಟ್ಟದ್ದು ರೌಲತ್ ಕಾಯ್ದೆ ಮತ್ತು ಜಲಿಯನ್‌ವಾಲಾ ಬಾಗ್. ಯುದ್ಧ ಮುಗಿದ ಮೇಲೆ ಋಣ ನೆನಪಿಟ್ಟುಕೊಳ್ಳುವುದು ಆಳುವವರ ಮರ್ಜಿ. ಹಕ್ಕು ಎನ್ನುವುದು ಮರ್ಜಿಯ ಮೇಲೆ ನಿಲ್ಲುವಂಥದ್ದಲ್ಲ.

ಇನ್ನೊಂದು ತೊಡಕೂ ಇದೆ. ಎಷ್ಟೋ ಟಿಬೆಟನ್ನರು ಭಾರತದ ಪೌರತ್ವವನ್ನು ತಾವಾಗಿಯೇ ಬೇಡವೆನ್ನುತ್ತಾರೆ. ತೆಗೆದುಕೊಂಡರೆ ಕಳೆದುಹೋದ ನಾಡಿನ ಮೇಲಿನ ಹಕ್ಕು ಸಡಿಲವಾದೀತು ಎಂಬ ಅಳುಕು ಅವರದು. ಅವರಲ್ಲಿ ಚೆನ್ನಾಗಿ ಕನ್ನಡ ಮಾತಾಡುವವರಿದ್ದಾರೆ, ಈ ಮಣ್ಣಿನಲ್ಲೇ ಹಿರಿಯರನ್ನು ಕಳೆದುಕೊಂಡವರಿದ್ದಾರೆ. ಅವರು ಇಲ್ಲಿಯವರಲ್ಲ ಎನ್ನಲು ನಾಲಿಗೆ ಏಳುವುದಿಲ್ಲ.

ಪೌರತ್ವ ಕಾಗದದ್ದು, ಸೇರಿದವರಾಗುವುದು ಬದುಕಿನದು. ಯುದ್ಧ ಇವೆರಡನ್ನೂ ಒಂದೇ ಪ್ರಶ್ನೆಯಾಗಿಸುತ್ತದೆ: ನೀನು ಯಾರ ಕಡೆ? ಶಾಂತಿಯ ಕಾಲದಲ್ಲಿ ನಾವು ಕೇಳಬೇಕಾದದ್ದು ಬೇರೆ: ಇಷ್ಟು ವರ್ಷ ಜೊತೆಗೇ ಬದುಕಿದವರು ಇಲ್ಲಿಯವರೆಂದು ಒಪ್ಪಲು ಅವರು ಸಾಯಲೇಬೇಕೇ?