ಪರರ ಪಿತೃಗಳಿಗೆ ಎಳ್ಳುನೀರು

ಮಾಘ ಶುದ್ಧ ಅಷ್ಟಮಿಯಂದು ಭೀಷ್ಮನಿಗೆ ತರ್ಪಣ ಬಿಡುವ ಆಚಾರವು ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಉಳಿದುಬಂದಿದೆ. ತಂದೆ ಬದುಕಿರುವವನಿಗೆ ಪಿತೃತರ್ಪಣದ ಅಧಿಕಾರವಿಲ್ಲವೆಂದು ಕಟ್ಟುನಿಟ್ಟಾಗಿ ವಿಧಿಸಿದ ಸಂಪ್ರದಾಯವೇ ಆ ಒಂದು ದಿನದ ಮಟ್ಟಿಗೆ ನಿಯಮವನ್ನು ಸಡಿಲಿಸಿ, ಮಕ್ಕಳಿಲ್ಲದೆ ಮಡಿದ ಆ ವೃದ್ಧ ಯೋಧನಿಗೆ ಅಂಥವನೂ ನೀರು ಬಿಡಬಹುದೆಂದು ಹೇಳುತ್ತದೆ. ಗೋತ್ರ ಸೂತ್ರಗಳ ಲೆಕ್ಕದಲ್ಲಿ ಅಷ್ಟು ಬಿಗಿಯಾದ ಸಮಾಜವೊಂದು, ರಕ್ತಸಂಬಂಧವೇ ಇಲ್ಲದ ಒಬ್ಬನಿಗೆ ತಾನು ಮಗನ ಸ್ಥಾನದಲ್ಲಿ ನಿಲ್ಲಲು ಒಪ್ಪಿತೆಂಬುದು ಚಿಕ್ಕ ಸಂಗತಿಯಲ್ಲ. ಅನ್ಯರ ಸತ್ತವರನ್ನು ನೆನೆಯುವ ಅಧಿಕಾರ ನಮಗೆ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ನಾನು ಬಹುಕಾಲ ಈ ಆಚಾರದೊಡನೆಯೇ ಸೇರಿಸಿ ಯೋಚಿಸುತ್ತಿದ್ದೆನು. ಅದನ್ನು ಮತ್ತೊಂದು ಬಗೆಯಲ್ಲಿ ನನ್ನ ಮುಂದಿಟ್ಟದ್ದು ಫ್ರಾನ್ಸಿನ ಒಂದು ಸಣ್ಣ ಊರಿನ ಕಥೆ.

ಸೋಮ್ ಪ್ರಾಂತದಲ್ಲಿ, ಅಮಿಯಾಂ ನಗರಕ್ಕೆ ಪೂರ್ವದಲ್ಲಿರುವ ಆ ಊರಿನ ಹೆಸರು ವಿಲೆರ್ ಬ್ರೆತೊನೋ. 1918ರ ಏಪ್ರಿಲ್ 24ರಂದು ಜರ್ಮನ್ ಸೇನೆಯ ವಶವಾದ ಅದನ್ನು, ಅದೇ ರಾತ್ರಿ ಮೊದಲಾಗಿ ಮರುದಿನವೂ ನಡೆದ ಕಾಳಗದಲ್ಲಿ ಆಸ್ಟ್ರೇಲಿಯದ ಎರಡು ಬ್ರಿಗೇಡುಗಳು ಮುಂದಾಗಿ ಮರಳಿ ಹಿಡಿದುವು. ಆ ಮರುದಿನವು ಅದೇ ದೇಶದ ಸೈನಿಕರು ತುರ್ಕಿಯ ಗಲಿಪೊಲಿಯ ದಡಕ್ಕೆ ಇಳಿದು ಸರಿಯಾಗಿ ಮೂರು ವರ್ಷ ತುಂಬಿದ ದಿನ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಪಾಳುಬಿದ್ದ ಆ ಊರಿನಲ್ಲಿ, ವಿಕ್ಟೋರಿಯ ರಾಜ್ಯದ ಶಾಲಾ ಮಕ್ಕಳು ಪೆನ್ನಿ ಪೆನ್ನಿಯಾಗಿ ಕೂಡಿಸಿದ ಹಣದ ನೆರವಿನಿಂದ ಒಂದು ಪ್ರಾಥಮಿಕ ಶಾಲೆ ಎದ್ದಿತು. 1927ರ ಏಪ್ರಿಲ್ 25ರಂದು ಅದರ ಬಾಗಿಲು ತೆರೆಯಿತು. ಅದರ ಸಭಾಮಂದಿರದ ಮರದ ಕೆತ್ತನೆಗಳಲ್ಲಿ ಕಾಂಗರೂವೇ ಮೊದಲಾದ ಪ್ರಾಣಿಗಳಿವೆ. ಅವನ್ನು ಕೆತ್ತಿಕೊಟ್ಟವರು ಡೇಲ್ಸ್‌ಫರ್ಡ್ ಎಂಬಲ್ಲಿಯ ತಾಂತ್ರಿಕ ಶಾಲೆಯ ವಿದ್ಯಾರ್ಥಿಗಳು. ಆಟದಂಗಳದ ಮಾಡಿನ ಮೇಲೆ, ಫ್ರೆಂಚನ್ನೇ ಆಡುವ ಎಳೆಯರ ತಲೆಯ ಮೇಲ್ಗಡೆ, ಆಸ್ಟ್ರೇಲಿಯವನ್ನು ಮರೆಯಬೇಡಿರೆಂಬ ಮಾತು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿದೆ.

ಈ ಅಂಗಳಕ್ಕೆ ಆಸ್ಟ್ರೇಲಿಯದ ಪ್ರೌಢಶಾಲೆಯ ಮಕ್ಕಳು ಬರುವುದುಂಟು. ಹೊರಡುವ ಮೊದಲೇ ಒಬ್ಬೊಬ್ಬ ಯೋಧನನ್ನು ಆರಿಸಿಕೊಂಡು, ಅವನು ಸೇನೆಗೆ ಸೇರಿದ ದಿನ ಬರೆದಿಟ್ಟ ಕಾಗದಗಳನ್ನು ಹುಡುಕಿ ಓದುವುದು ಇಂಥ ಯಾತ್ರೆಗಳ ಪದ್ಧತಿ. ಆ ಕಾಗದಗಳಲ್ಲಿ ವೀರತನದ ಮಾತೇನೂ ಇರುವುದಿಲ್ಲ. ಎತ್ತರ ಇಷ್ಟು, ಎದೆಯ ಸುತ್ತಳತೆ ಇಷ್ಟು, ಕಣ್ಣಿನ ಬಣ್ಣ ಇಂಥದು, ಕಸುಬು ಇಂಥದು, ಮತ ಇಂಥದು ಎಂದಿರುತ್ತದೆ, ದರ್ಜಿಯೂ ಗುಮಾಸ್ತನೂ ಕೂಡಿ ಬರೆದ ಹಾಗೆ. ಊರ ಹೊರಗಿನ ದಿಣ್ಣೆಯ ಮೇಲೆ ವಾಸ್ತುಶಿಲ್ಪಿ ಲಟ್ಯನ್ಸನು ರಚಿಸಿದ ರಾಷ್ಟ್ರೀಯ ಸ್ಮಾರಕದ ಗೋಡೆಗಳಲ್ಲಿ, ಸಮಾಧಿಯೇ ಗೊತ್ತಿಲ್ಲದ ಹತ್ತು ಸಾವಿರಕ್ಕೆ ಮೀರಿದ ಹೆಸರುಗಳ ನಡುವೆ, ತನ್ನವನ ಹೆಸರನ್ನು ಬೆರಳಿನಿಂದ ಹುಡುಕುತ್ತ ಹೋಗಿ, ಸಿಕ್ಕಾಗ ಅದರ ಮೇಲೆ ಕಾಗದವಿಟ್ಟು ಸೀಸದಕಡ್ಡಿಯನ್ನು ಅಡ್ಡಹಿಡಿದು ಉಜ್ಜುವ ಹದಿನಾರರ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ: ಅಕ್ಷರಗಳು ಬೆಳ್ಳಗೆ, ಸುತ್ತಲಿನದು ಕಪ್ಪಗೆ ಮೂಡುತ್ತದೆ. ಅವಳ ಬೆರಳಿಗೂ ಮಸಿ. ಆ ಹೆಸರಿನವನು ಅವಳಿಗೆ ಏನೂ ಅಲ್ಲ. ಮದುವೆಯಿಲ್ಲದೆ, ಮಕ್ಕಳಿಲ್ಲದೆ ಮಡಿದವನಾಗಿದ್ದರೆ ಅವನು ಯಾರಿಗೂ ಅಜ್ಜನಾಗಲಿಲ್ಲ. ಇದು ಭೀಷ್ಮತರ್ಪಣವಲ್ಲದೆ ಮತ್ತೇನು?

ಆದರೆ ಹೋಲಿಕೆ ಸಿಕ್ಕಿತೆಂದು ಹಿಗ್ಗುವುದಕ್ಕೆ ಮುಂಚೆ ಒಂದು ಸಂದೇಹವನ್ನು ಎದುರಿಸಬೇಕಾಗುತ್ತದೆ. ಮರೆಯಬೇಡಿರೆಂದು ಮಾಡಿನ ಮೇಲೆ ಬರೆದು ಕಲಿಸಿದ ಸ್ಮರಣೆ ಸ್ಮರಣೆಯೆ? ಆಜ್ಞೆಯಿಂದ ಹುಟ್ಟಿದ ನೆನಪು ತನ್ನ ಇಷ್ಟದ ಸತ್ತವರನ್ನು ಆರಿಸಿಕೊಳ್ಳುತ್ತದೆ. ಆ ಏಪ್ರಿಲಿನಲ್ಲಿ ಅದೇ ಊರಿಗಾಗಿ ಇಂಗ್ಲಿಷ್ ಪಡೆಯವರೂ ಸತ್ತರು. ಊರು ಮರಳಿ ಸಿಕ್ಕಿದ ಮರುದಿನ ಹತ್ತಿರದ ಕಾಡಿನಲ್ಲಿ ಫ್ರೆಂಚರ ಮೊರಾಕೋ ಡಿವಿಜನ್ನಿನವರು ಸತ್ತರು. ಜರ್ಮನರು ಸತ್ತುದನ್ನಂತೂ ಯಾವ ಆಟದಂಗಳದಲ್ಲಿಯೂ ಬರೆದಿಲ್ಲ. ಅದೂ ಅಲ್ಲದೆ, ಸತ್ತವರನ್ನು ಪೂಜಿಸುವ ಸರ್ಕಾರಗಳು ಮತ್ತೆ ಸಾಯುವವರನ್ನು ಸಿದ್ಧಪಡಿಸುತ್ತಿರುತ್ತವೆಂಬ ಆಕ್ಷೇಪ ಹಳೆಯದು, ಮತ್ತು ನನ್ನ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆ ರಾಷ್ಟ್ರೀಯ ಸ್ಮಾರಕದ ಅನಾವರಣವಾದದ್ದು 1938ರಲ್ಲಿ. ಎರಡು ವರ್ಷ ಕಳೆಯುವುದರೊಳಗೆ, ಮುಂದಿನ ಯುದ್ಧದ ಗುಂಡುಗಳು ಬಂದು ಅದರ ಕಲ್ಲನ್ನೇ ಕೊರೆದುವು. ಆ ಗಾಯಗಳು ಇನ್ನೂ ಕಾಣುತ್ತವೆ. ಹೆಸರುಗಳನ್ನು ಓದಬಂದವರು ಅವನ್ನೂ ಓದಲೇಬೇಕಾಗುತ್ತದೆ.

ನಮ್ಮ ಪ್ರಾಚೀನರು ಈ ಕಷ್ಟವನ್ನು ಕಾಣದೆ ಇರಲಿಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ, ಬಂಧುಗಳಿಲ್ಲದೆ ರಣದಲ್ಲಿ ಬಿದ್ದವರ ಗತಿಯೇನೆಂಬ ಪ್ರಶ್ನೆ ಧೃತರಾಷ್ಟ್ರನಿಂದ ಬರುತ್ತದೆ. ಧರ್ಮರಾಯನು ವಿದುರ, ಸಂಜಯ, ಧೌಮ್ಯ ಮೊದಲಾದವರನ್ನು ಕರೆದು, ನಾನಾ ದೇಶಗಳಿಂದ ಬಂದ ಅನಾಥ ಶವಗಳಿಗೂ ಸಂಸ್ಕಾರವಾಗುವಂತೆ ನೋಡಿಕೊಳ್ಳಿರೆನ್ನುತ್ತಾನೆ. ಆಮೇಲೆ ಗಂಗೆಯ ದಡದಲ್ಲಿ ನೀರು ಬಿಡುವ ಹೊತ್ತಿನಲ್ಲಿ ಕುಂತಿಯು ಕರ್ಣನಿಗೂ ಬಿಡಿರೆನ್ನುತ್ತಾಳೆ, ಅವನು ನಿಮ್ಮ ಅಣ್ಣನೆನ್ನುತ್ತಾಳೆ. ಶತ್ರುವೆಂದು ಕೊಂದವನು ಸಹೋದರನೆಂದು ತಿಳಿಯುವುದು ಗೆದ್ದ ದಿನವಲ್ಲ, ತರ್ಪಣದ ದಿನ. ಸ್ಮರಣೆಯ ಕರ್ಮವನ್ನು ಅರ್ಧಕ್ಕೆ ನಿಲ್ಲಿಸಿದವನಿಗೆ ಈ ಅರಿವು ಒದಗುವುದಿಲ್ಲ. ನಮ್ಮವರೆಂದು ಹೆಸರಿಟ್ಟವರಿಗೆ ಮಾತ್ರ ನೀರು ಬಿಟ್ಟು ಕೈ ತೊಳೆದುಕೊಂಡವನ ಪಾಲಿಗೆ ಕರ್ಣನು ಕೊನೆಯವರೆಗೂ ಸೂತಪುತ್ರನೇ.

ಎಳ್ಳುನೀರು ಬಿಟ್ಟರೆಂದರೆ ನಮ್ಮ ಆಡುಮಾತಿನಲ್ಲಿ ಸಂಬಂಧವನ್ನೇ ಕಳಚಿಕೊಂಡರೆಂದೂ ಅರ್ಥ. ಮರೆಯುವುದಕ್ಕೂ ನೆನೆಯುವುದಕ್ಕೂ ಒಂದೇ ಮಾತನ್ನಿಟ್ಟುಕೊಂಡ ಭಾಷೆಯ ಜಾಣತನವನ್ನು ಮೆಚ್ಚಬೇಕು. ಋಣವಾದರೂ ಹಾಗೆಯೇ: ತೀರಿಸಿದೆವೆಂದ ಕ್ಷಣದಲ್ಲಿ ನಂಟು ಮುಗಿಯಿತು. ವಿಲೆರ್ ಬ್ರೆತೊನೋದ ವಿಷಯದಲ್ಲಿ ವಿಶೇಷವೇನೆಂದರೆ ಅಲ್ಲಿ ಸಾಲ ಕೊಟ್ಟವನು ಯಾರೆಂಬುದೇ ತಿಳಿಯದಂತಾಗಿದೆ. ಊರನ್ನು ಉಳಿಸಿದವರಿಗೆ ತಾವು ಋಣಿಗಳೆಂದು ಫ್ರೆಂಚರು ಹೇಳುತ್ತಾರೆ. ತಮ್ಮ ಮಕ್ಕಳು ಮಲಗಿರುವ ಮಣ್ಣನ್ನು ಕಾಯುತ್ತಿರುವವರಿಗೆ ತಾವು ಋಣಿಗಳೆಂದು ಆಸ್ಟ್ರೇಲಿಯದವರು ಹೇಳುತ್ತಾರೆ. ಕೊಟ್ಟವರೋ ಸತ್ತಿದ್ದಾರೆ, ವಸೂಲಿಗೆ ಬರುವವರಲ್ಲ. 2009ರ ಫೆಬ್ರವರಿಯಲ್ಲಿ ವಿಕ್ಟೋರಿಯದ ಕಾಡ್ಗಿಚ್ಚು ಸ್ಟ್ರಾತ್‌ಯೂಯೆನ್ ಎಂಬ ಹಳ್ಳಿಯ ಶಾಲೆಯನ್ನು ಸುಟ್ಟಾಗ, ಅದನ್ನು ಮತ್ತೆ ಕಟ್ಟುವುದಕ್ಕೆಂದು ವಿಲೆರ್ ಬ್ರೆತೊನೋದ ಜನ ಹಣ ಕೂಡಿಸಿ ಕಳುಹಿಸಿದರು. ಎಂಬತ್ತು ವರ್ಷಗಳ ಕೆಳಗೆ ಬಂದ ಪೆನ್ನಿಗಳು ಹೀಗೆ ಹಿಂದಿರುಗಿದುವು. ಸತ್ತವರಿಗೆ ಸಲ್ಲಿಸಲಾಗದುದನ್ನು ಬದುಕಿರುವವರಿಗೆ ಸಲ್ಲಿಸುವುದೊಂದೇ ದಾರಿಯೆಂದು ತೋರುತ್ತದೆ. ಶ್ರಾದ್ಧದಲ್ಲಿಯೂ ಪಿತೃಗಳ ಹೆಸರಿನಲ್ಲಿ ಉಣ್ಣುವವರು ಎದುರಿಗೆ ಕುಳಿತ ಅತಿಥಿಗಳೇ ತಾನೆ! ದೂರದಿಂದ ಬಂದ ದೊಡ್ಡ ಹುಡುಗರೂ ಊರಿನ ಪುಟ್ಟ ಮಕ್ಕಳೂ ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ತಿಳಿಯದೆ ಅದೇ ಅಂಗಳದಲ್ಲಿ ಕಲೆಯುವ ಆ ಸ್ವಲ್ಪ ಹೊತ್ತನ್ನು, ಸ್ಮಾರಕದ ಮುಂದಿನ ಮೌನಕ್ಕಿಂತ ಕಡಮೆಯಾದ ಕರ್ಮವೆಂದು ನಾನು ಎಣಿಸಲಾರೆ.

ಅಮಿಯಾಂ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಅಡಿಲೇಡ್ ಸ್ಮಶಾನವೆಂಬ ಚಿಕ್ಕ ಸೈನಿಕಸ್ಮಶಾನವಿದೆ. ಅಲ್ಲಿ ಹೂಳಿದ್ದ, ಹೆಸರು ತಿಳಿಯದ ಆಸ್ಟ್ರೇಲಿಯದ ಸೈನಿಕನೊಬ್ಬನನ್ನು 1993ರಲ್ಲಿ ಹೊರತೆಗೆದು ಸ್ವದೇಶಕ್ಕೊಯ್ದು, ಆ ವರ್ಷದ ನವೆಂಬರ್ 11ರಂದು ಕ್ಯಾನ್‌ಬೆರಾದ ಯುದ್ಧಸ್ಮಾರಕದಲ್ಲಿ ಸಕಲ ಗೌರವಗಳೊಡನೆ ಇರಿಸಿದರು. ಯಾತ್ರೆಯ ಮಕ್ಕಳು ಅವನು ಮಲಗಿದ್ದ ಜಾಗಕ್ಕೂ ಹೋಗಿ ನೋಡಬಹುದು. ಎಡಬಲದ ಕಲ್ಲುಗಳ ಸಾಲು ತಪ್ಪದಂತೆ, ಅಷ್ಟೇ ಎತ್ತರದ ಒಂದು ಬಿಳಿಯ ಕಲ್ಲು ಅಲ್ಲಿ ನಿಂತಿದೆ. ಇಲ್ಲಿದ್ದವನನ್ನು ಇಲ್ಲಿಂದ ಒಯ್ದರೆಂದು ಅದರ ಮೇಲೆ ಬರೆದಿದೆ, ಮತ್ತು ಒಳಗೆ ಯಾರೂ ಇಲ್ಲ.