ನಿಮ್ಮ ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆ



ಮಚ್ಛೆಯ ಕೈಗಾರಿಕಾ ಪ್ರದೇಶದ ಎರಕದ ಕಾರ್ಖಾನೆಗಳಲ್ಲಿ ದುಡಿಯುವ ಸಹೋದರರನ್ನು ರಮಝಾನಿನ ಮಧ್ಯಾಹ್ನ ನೋಡಿದ್ದೀರಾ? ಸಾವಿರ ಡಿಗ್ರಿಗೂ ಮೀರಿ ಕಾದು ಕರಗಿದ ಕಬ್ಬಿಣದ ಮುಂದೆ ನಿಂತಿರುತ್ತಾರೆ. ನಾಲಗೆ ಒಣಗಿರುತ್ತದೆ, ನೀರಿನ ಕೊಡ ಪಕ್ಕದಲ್ಲೇ ಇರುತ್ತದೆ. ಆದರೂ ಮುಟ್ಟುವುದಿಲ್ಲ. ಯಾರೂ ನೋಡದಿದ್ದರೂ ಅಲ್ಲಾಹನು ನೋಡುತ್ತಿದ್ದಾನೆ ಎಂಬ ವಿಶ್ವಾಸವೇ ಅವರನ್ನು ತಡೆಯುತ್ತದೆ.

ಆ ಹೊತ್ತಿನಲ್ಲಿ ಅವರ ದೇಹವೂ ಸುಮ್ಮನಿರುವುದಿಲ್ಲ. ಬೆವರು ಹರಿದಂತೆ ರಕ್ತದಲ್ಲಿ ನೀರು ಕಡಿಮೆಯಾಗಿ ಉಪ್ಪಿನ ಸಾಂದ್ರತೆ ಏರುತ್ತದೆ. ಶೇಕಡಾ ಒಂದೆರಡರಷ್ಟು ಏರಿದರೂ ಸಾಕು, ಮೆದುಳಿನ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ಅದನ್ನು ಗುರುತಿಸುತ್ತದೆ. ವಾಸೊಪ್ರೆಸಿನ್ ಎಂಬ ಹಾರ್ಮೋನು ರಕ್ತ ಸೇರಿ, ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ತಿಳಿಸುತ್ತದೆ. ಜೊತೆಗೆ ಬಾಯಾರಿಕೆಯೂ ಎಚ್ಚರಗೊಳ್ಳುತ್ತದೆ.

ಹಸಿವಿನ ವ್ಯವಸ್ಥೆಯೂ ಹೀಗೆಯೇ. ಸಹ್ರಿಯ ಅನ್ನ ಜೀರ್ಣವಾದ ಮೇಲೆ ಇನ್ಸುಲಿನ್ ತಗ್ಗುತ್ತದೆ, ಗ್ಲುಕಗಾನ್ ಏರುತ್ತದೆ. ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಆ ದಾಸ್ತಾನು ಕರಗುತ್ತ ಬಂದಂತೆ ಕೊಬ್ಬು ಹೆಚ್ಚುಹೆಚ್ಚಾಗಿ ಇಂಧನವಾಗುತ್ತದೆ. ಹದಿಮೂರು ಹದಿನಾಲ್ಕು ಗಂಟೆಗಳ ಉಪವಾಸವನ್ನು ಆರೋಗ್ಯವಂತನ ದೇಹ ತಾಳಿಕೊಳ್ಳುವುದು ಹೀಗೆ. ಇದನ್ನು ನಾವು ಕಲಿತದ್ದಲ್ಲ, ಸೃಷ್ಟಿಕರ್ತನೇ ನಮ್ಮೊಳಗೆ ಇಟ್ಟದ್ದು.

ಆದರೆ ಈ ತಕ್ಕಡಿ ಕೆಟ್ಟವರ ಗತಿಯೇನು?

ನನ್ನ ತಂದೆಯವರೂ ಎರಕದ ಕೆಲಸಗಾರರಾಗಿದ್ದರು. ಸಕ್ಕರೆ ಕಾಯಿಲೆ ಬಂದ ಮೇಲೂ, ಇನ್ಸುಲಿನ್ ಚುಚ್ಚಿಸಿಕೊಂಡು, ಯಾರಿಗೂ ಹೇಳದೆ ಉಪವಾಸ ಹಿಡಿದರು. ಒಂದು ದಿನ ಅಸರ್ ನಮಾಝಿನ ಹೊತ್ತಿಗೆ ಕೈ ನಡುಗಿತು, ಮೈ ಬೆವರಿತು, ಮಾತು ತೊದಲಿತು. ತಾಯಿ ಬಾಯಿಗೆ ಸಕ್ಕರೆ ನೀರು ಹಾಕಿದರು. ಚೇತರಿಸಿಕೊಂಡ ತಂದೆ, "ನನ್ನ ರೋಝಾ ಮುರಿದಿರಲ್ಲ" ಎಂದು ಅತ್ತುಬಿಟ್ಟರು. ಮದ್ರಸದಲ್ಲಿ ಇತರರಿಗೆ ಬೋಧಿಸುವ ನಾನು ನನ್ನ ಮನೆಯಲ್ಲಿ ಬೋಧಿಸಲಿಲ್ಲ ಎಂಬ ನಾಚಿಕೆ ಇಂದಿಗೂ ಹೋಗಿಲ್ಲ.

ದೇಹದ ಇನ್ಸುಲಿನ್ ಹಸಿವನ್ನು ಕಂಡು ತಗ್ಗುತ್ತದೆ. ಚುಚ್ಚುಮದ್ದಿನ ಇನ್ಸುಲಿನ್‌ಗೆ ನೀವು ಉಪವಾಸವಿರುವುದು ಗೊತ್ತಿಲ್ಲ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಆದ್ದರಿಂದಲೇ ರೋಗಿಗಳಿಗೆ ಅಲ್ಲಾಹನು ವಿನಾಯಿತಿ ನೀಡಿದ್ದಾನೆ. ಗುಣವಾಗುವ ಕಾಯಿಲೆಯಾದರೆ ಬೇರೆ ದಿನಗಳಲ್ಲಿ ಉಪವಾಸ ಪೂರ್ತಿ ಮಾಡಬೇಕು. ಗುಣವಾಗದ್ದಾದರೆ ದಿನಕ್ಕೊಬ್ಬ ಬಡವನಿಗೆ ಊಟ ನೀಡಬೇಕು. ಅಲ್‌ಬಕರದ 184 ಮತ್ತು 185ನೆಯ ವಚನಗಳನ್ನು ಓದಿ ನೋಡಿ, ಅವನು ನಮಗೆ ಬಯಸುವುದು ಸರಾಗವನ್ನೇ, ಕಷ್ಟವನ್ನಲ್ಲ. ಒಡೆಯನೇ ಕೊಟ್ಟ ರಿಯಾಯಿತಿಯನ್ನು ತಳ್ಳಿಬಿಡುವುದು ಭಕ್ತಿಯೇ? ಎಡೆಬಿಡದೆ ಉಪವಾಸವಿರುತ್ತಿದ್ದ ಅಬ್ದುಲ್ಲಾಹ್ ಬಿನ್ ಅಮ್ರ್(ರ)ರಿಗೆ ಪ್ರವಾದಿವರ್ಯರು(ಸ) ನೆನಪಿಸಿದ್ದು ದೇಹದ ಹಕ್ಕನ್ನೇ ಅಲ್ಲವೇ?

ರಮಝಾನಿಗೆ ಒಂದೆರಡು ತಿಂಗಳು ಮುಂಚೆಯೇ ಮನೆಯ ಹಿರಿಯರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಉಪವಾಸ ಹಿಡಿಯಲು ವೈದ್ಯರು ಒಪ್ಪಿದರೂ ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300ನ್ನು ಮೀರಿದರೆ ಉಪವಾಸ ಬಿಡಿಸಿರಿ. ಪರೀಕ್ಷೆಗಾಗಿ ಬೆರಳು ಚುಚ್ಚಿದರೆ ಉಪವಾಸ ಮುರಿಯುವುದಿಲ್ಲವೆಂದು ವಿದ್ವಾಂಸರು ತಿಳಿಸಿದ್ದಾರೆ.

ಆರೋಗ್ಯವಂತರಿಗೂ ಒಂದು ಮಾತು. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮನದಟ್ಟಾಗಲು ಇಪ್ಪತ್ತು ನಿಮಿಷಗಳಷ್ಟು ಬೇಕು. ಪ್ರವಾದಿವರ್ಯರು(ಸ) ಕೆಲವು ಖರ್ಜೂರ ಇಲ್ಲವೇ ನೀರಿನಿಂದ ಉಪವಾಸ ಬಿಡುತ್ತಿದ್ದರು, ಬಳಿಕ ನಮಾಝ್. ನಾವೋ, ಇಡೀ ದಿನದ ಸಂಯಮವನ್ನು ಭಜಿ-ಸಮೋಸಗಳ ತಟ್ಟೆಯ ಮುಂದೆ ಹತ್ತೇ ನಿಮಿಷದಲ್ಲಿ ಕಳೆದುಬಿಡುತ್ತೇವೆ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಕನ್ನಡದ ಹಿರಿಯರು ಸುಮ್ಮನೆ ಹೇಳಿದರೇ?

ಮುಂದಿನ ವರ್ಷದಿಂದ ತಂದೆಯವರು ಪ್ರತಿದಿನ ಒಬ್ಬ ಬಡ ಕೂಲಿಯನ್ನು ಮನೆಗೆ ಕರೆದು ಕೈಯಾರೆ ಬಡಿಸತೊಡಗಿದರು. ಮೊದಲ ದಿನ ಅವರ ಕಣ್ಣಲ್ಲಿ ನೀರಿತ್ತು. ಕೊನೆಯ ದಿನ ನಗುವಿತ್ತು.

ದೇಹವು ಅಲ್ಲಾಹನ ಅಮಾನತ್. ಅದನ್ನು ಕಾಪಾಡುವ ವಿವೇಕವನ್ನೂ, ಅವನ ರಿಯಾಯಿತಿಯನ್ನು ಕೃತಜ್ಞತೆಯಿಂದ ಸ್ವೀಕರಿಸುವ ವಿನಯವನ್ನೂ ಅವನು ನಮಗೆ ಕರುಣಿಸಲಿ. ಆಮೀನ್.