ನೀರಿನ ಮೇಲಿನ ಕೋಪ, ಕಲ್ಲಿನ ಮೇಲಿನ ಬರಹ

🪷 *ಇಂದಿನ ಧಮ್ಮ ಚಿಂತನೆ* 🪷
*ವಿಷಯ: ಸಮ್ಯಕ್ ವಾಚಾ ಮತ್ತು ಕಾಲೇಜು ಮಕ್ಕಳ ಮೊಬೈಲ್*

 

ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಮೂರು ಬಗೆಯ ಮನುಷ್ಯರ ಬಗ್ಗೆ ಹೇಳುತ್ತಾರೆ. ಒಬ್ಬನ ಕೋಪ ಕಲ್ಲಿನ ಮೇಲೆ ಕೊರೆದ ಗೆರೆ. ಗಾಳಿಗಾಗಲಿ ಮಳೆಗಾಗಲಿ ಅದು ಬೇಗ ಅಳಿಯುವುದಿಲ್ಲ. ಇನ್ನೊಬ್ಬನದು ಮಣ್ಣಿನ ಮೇಲೆ ಎಳೆದ ಗೆರೆ. ಸ್ವಲ್ಪ ದಿನ ಇದ್ದು ಹೋಗುತ್ತದೆ. ಮತ್ತೊಬ್ಬನದು ನೀರಿನ ಮೇಲಿನ ಗೆರೆ. ಎಳೆದ ಬೆರಳು ಮುಂದೆ ಹೋಗುವಷ್ಟರಲ್ಲಿ ಅದು ಮಾಯ.

ನಮ್ಮ ಮನೆಗಳ ಕಾಲೇಜು ಮಕ್ಕಳ ಕೋಪ ಬಹುಮಟ್ಟಿಗೆ ನೀರಿನ ಗೆರೆಯೇ. ಇಂಟರ್ನಲ್ ಅಂಕ ಕಡಿಮೆ ಬಂತೆಂದು ರಾತ್ರಿ ಮೇಷ್ಟ್ರನ್ನು ಬೈದವನು ಬೆಳಿಗ್ಗೆ ಅದೇ ಮೇಷ್ಟ್ರಿಗೆ ನಮಸ್ಕಾರ ಹೇಳಿ ಕ್ಲಾಸಿಗೆ ಹೋಗುತ್ತಾನೆ. ಮನಸ್ಸಿನಲ್ಲಿ ಏನೂ ಉಳಿದಿರುವುದಿಲ್ಲ. ಆದರೆ ಆ ಬೈಗುಳ ಮೊಬೈಲಿನಲ್ಲಿ ಹೋಗಿದ್ದರೆ? ಕೋಪ ನೀರಿನದು, ಬರಹ ಕಲ್ಲಿನದು. ಬೈದವನೇ ಮರೆತ ಮಾತನ್ನು ನಾಲ್ಕು ವರ್ಷದ ನಂತರ ಯಾರೋ ತೆಗೆದು ಓದುತ್ತಾರೆ.

"ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತೆ ಮೇಡಂ, ಗ್ರೂಪಿನಲ್ಲಿ ನಮ್ಮವರೇ ಇರೋದು" ಎಂದು ಮಕ್ಕಳು ಹೇಳುತ್ತಾರೆ. ಸ್ಕ್ರೀನ್‌ಶಾಟ್ ತೆಗೆಯಲು ಒಂದು ಕ್ಷಣ ಸಾಕು. 2017ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಕನಿಷ್ಠ 10 ವಿದ್ಯಾರ್ಥಿಗಳಿಗೆ ಕೊಟ್ಟಿದ್ದ ಪ್ರವೇಶವನ್ನು ವಾಪಸ್ ಪಡೆಯಿತು. ಅವರು ಒಂದು ಖಾಸಗಿ ಫೇಸ್‌ಬುಕ್ ಗುಂಪಿನಲ್ಲಿ ಲೈಂಗಿಕ ದೌರ್ಜನ್ಯವನ್ನು, ಯಹೂದಿಗಳ ನರಮೇಧವನ್ನು ತಮಾಷೆ ಮಾಡುವ ಮೀಮ್‌ಗಳನ್ನು ಹಂಚಿಕೊಂಡಿದ್ದರು. ಅವರೂ ತಮ್ಮವರ ನಡುವೆಯೇ ಇದ್ದೇವೆ ಎಂದುಕೊಂಡಿದ್ದವರೇ.

ಇಷ್ಟು ದೂರ ಹೋಗುವುದೂ ಬೇಡ. ಬಯೋಡೇಟಾದಲ್ಲಿ ಮಕ್ಕಳು ಮೊಬೈಲ್ ನಂಬರ್ ಬರೆಯುತ್ತಾರೆ. ಕಂಪನಿಯವರು ಅದನ್ನು ಸೇವ್ ಮಾಡಿಕೊಂಡ ಕೂಡಲೇ, ಎಲ್ಲರಿಗೂ ಕಾಣುವಂತೆ ಬಿಟ್ಟಿದ್ದರೆ, ವಾಟ್ಸ್‌ಆ್ಯಪ್ ಡಿಪಿ ಕಾಣುತ್ತದೆ. ಹೆಸರು ಹಾಕಿ ಹುಡುಕಿದರೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಸಿಗುತ್ತವೆ. ಇಂಟರ್‌ವ್ಯೂ ಅಲ್ಲಿಂದಲೇ ಶುರು.

"ಮಾತನಾಡುವುದು ನಮ್ಮ ಹಕ್ಕಲ್ಲವೇ?" ಎಂಬ ಪ್ರಶ್ನೆ ಸರಿಯಾದದ್ದೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿದ್ದು ಆ ಹಕ್ಕನ್ನು ಎತ್ತಿಹಿಡಿದೇ. ಆದರೆ ಪೊಲೀಸರು ಹಿಡಿಯದ ಮಾತನ್ನೂ ಕೆಲಸ ಕೊಡುವವರು ಹಿಡಿಯಬಹುದು. ಏಕೆ ಆಯ್ಕೆಯಾಗಲಿಲ್ಲ ಎಂದು ಅವರು ಯಾರಿಗೂ ಪತ್ರ ಬರೆದು ತಿಳಿಸುವುದಿಲ್ಲ. ಹುಡುಗನಿಗೆ ಕಾರಣವೇ ಗೊತ್ತಾಗದೆ ಹೋಗುತ್ತದೆ.

ಹಾಗಾದರೆ ಮಾಡುವುದೇನು? ಬುದ್ಧರು ಮಗ ರಾಹುಲನಿಗೆ ಹೇಳಿದ್ದನ್ನು ನೋಡೋಣ. ರಾಜಗೃಹದ ಹತ್ತಿರದ ಅಂಬಲಟ್ಠಿಕದಲ್ಲಿ ರಾಹುಲ ತಂದೆಗೆ ಕಾಲು ತೊಳೆಯಲು ನೀರು ಇಡುತ್ತಾನೆ. ಬುದ್ಧರು ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ ತೋರಿಸುತ್ತಾರೆ. ತಿಳಿದೂ ತಿಳಿದೂ ಸುಳ್ಳು ಹೇಳಲು ನಾಚದವನ ಸಾಧನೆ ಇಷ್ಟೇ ಇಷ್ಟು ಎನ್ನುತ್ತಾರೆ. ಆ ನೀರನ್ನೂ ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ ತೋರಿಸುತ್ತಾರೆ. ಆಮೇಲೆ, ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಮುನ್ನ, ಮಾಡುವಾಗ, ಮಾಡಿದ ಮೇಲೆ ಮೂರು ಸಲ ನೋಡಿಕೋ, ಇದರಿಂದ ನಿನಗಾಗಲಿ ಬೇರೆಯವರಿಗಾಗಲಿ ಕೇಡಿದೆಯೇ ಎಂದು ಕೇಳಿಕೋ ಎಂಬುದೇ ಆ ಬೋಧೆ. ಅಶೋಕ ಚಕ್ರವರ್ತಿ ತನ್ನ ಭಾಬ್ರು ಶಾಸನದಲ್ಲಿ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಹೆಸರಿಸಿದ ಏಳು ಪಾಠಗಳಲ್ಲಿ ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಈ ಬುದ್ಧಿಮಾತೂ ಒಂದು.

ಈ ಕನ್ನಡಿಯನ್ನು ಮೊಬೈಲಿನ ಪಕ್ಕದಲ್ಲಿಡೋಣ.

*ಕಳಿಸುವ ಮುನ್ನ:* ಇದು ನಿಜವೇ? ಎರಡು ವಾರದ ವರ್ಕ್‌ಶಾಪನ್ನು ಲಿಂಕ್ಡ್‌ಇನ್‌ನಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಎಂದು ಬರೆದರೆ ನಾಲ್ಕನೆಯ ಶೀಲ ಮುರಿಯಿತು. ಕಂಪನಿಯವರು ದಾಖಲೆ ಪರಿಶೀಲಿಸಿದ ದಿನ ಪಾತ್ರೆ ಬೋರಲಾಗುತ್ತದೆ. ಕೋಪದಲ್ಲಿದ್ದರೆ ಬರೆದು ಇಟ್ಟುಕೊಳ್ಳಿ, ಬೆಳಿಗ್ಗೆ ಓದಿ. ನೀರಿನ ಗೆರೆ ಅಷ್ಟರಲ್ಲಿ ಅಳಿದಿರುತ್ತದೆ.

*ಕಳಿಸುವಾಗ:* ಇದರಲ್ಲಿ ಬೇರೆಯವರ ಗುಟ್ಟು ಇದೆಯೇ? ಅನೇಕ ಆಫರ್ ಲೆಟರ್‌ಗಳಲ್ಲೇ ಸಂಬಳದ ವಿವರ ಗೋಪ್ಯ ಎಂದು ಬರೆದಿರುತ್ತದೆ. ಮಕ್ಕಳು ಸಂತೋಷದಲ್ಲಿ ಅದನ್ನೇ ಸ್ಟೇಟಸ್‌ಗೆ ಹಾಕುತ್ತಾರೆ. ಆಫೀಸಿನಲ್ಲಿ ರೀಲ್ ಮಾಡಿದಾಗ ಹಿಂದಿನ ಕಂಪ್ಯೂಟರ್ ಪರದೆಯೂ ಕಾಣುತ್ತದೆ. ಗೆಳತಿಯ ಫೋಟೋ ಅವಳನ್ನು ಕೇಳಿ ಹಾಕಿದ್ದೀರಾ?

*ಕಳಿಸಿದ ಮೇಲೆ:* ತಪ್ಪಾಗಿದೆ ಎಂದು ಕಂಡರೆ ಅದನ್ನು ಗುರುವಿನ ಅಥವಾ ತಿಳಿದವರ ಮುಂದೆ ತೆರೆದು ಹೇಳಿ, ಮುಂದೆ ಎಚ್ಚರವಾಗಿರಬೇಕು ಎಂದು ಬುದ್ಧರು ರಾಹುಲನಿಗೆ ಹೇಳಿದರು. ತೆಗೆದುಹಾಕಿ, ನೊಂದವರಲ್ಲಿ ಕ್ಷಮೆ ಕೇಳಿ. ಫೇಸ್‌ಬುಕ್‌ನಲ್ಲಿ ಹಳೆಯ ಪೋಸ್ಟ್‌ಗಳನ್ನು ಒಟ್ಟಿಗೆ ಸ್ನೇಹಿತರಿಗೆ ಮಾತ್ರ ಕಾಣುವಂತೆ ಮಾಡಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಬೇರೆಯವರು ಟ್ಯಾಗ್ ಮಾಡಿದ್ದನ್ನು ಒಪ್ಪಿದ ಮೇಲಷ್ಟೇ ನಮ್ಮ ಪ್ರೊಫೈಲ್‌ನಲ್ಲಿ ಕಾಣುವಂತೆ ಇಡಬಹುದು.

ಈಗ ಒಂದು ಕಷ್ಟದ ಪ್ರಶ್ನೆ. ನಮ್ಮ ಮಕ್ಕಳೇ ಇದನ್ನು ಕೇಳುತ್ತಾರೆ. "ಹಾಸ್ಟೆಲಿನಲ್ಲಿ ಜಾತಿ ಹಿಡಿದು ಆಡಿಕೊಂಡರೂ ಕೆಲಸ ಸಿಗಲಿ ಎಂದು ಬಾಯಿ ಮುಚ್ಚಿಕೊಂಡು ಇರಬೇಕಾ?"

ಖಂಡಿತ ಇಲ್ಲ. ಬಾಯಿಲ್ಲದವರಿಗೆ ಬಾಯಾಗಲೆಂದೇ ಬಾಬಾಸಾಹೇಬರು 1920ರ ಜನವರಿಯಲ್ಲಿ ಮೂಕನಾಯಕ ಪತ್ರಿಕೆ ಆರಂಭಿಸಿದರು. 1927ರಲ್ಲಿ ಬಹಿಷ್ಕೃತ ಭಾರತ ತಂದರು. ಅದಕ್ಕೂ ಮೊದಲು, 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಹೇಳಿಕೆ ಕೊಟ್ಟಾಗ ಅಂಕಿ ಅಂಶ ಇಟ್ಟು ವಾದಿಸಿದರು. ಅವರ ಮಾತು ಮೆತ್ತಗಿರಲಿಲ್ಲ, ಆದರೆ ಆಧಾರವಿಲ್ಲದೆ ಇರಲಿಲ್ಲ. ಅದಕ್ಕೇ ಎದುರಾಳಿಗೂ ಅದನ್ನು ತಳ್ಳಿಹಾಕಲು ಆಗಲಿಲ್ಲ.

ಬುದ್ಧರು ಒಳ್ಳೆಯ ಮಾತಿಗೆ ಐದು ಲಕ್ಷಣ ಹೇಳಿದ್ದಾರೆ. ಸಮಯಕ್ಕೆ ಸರಿಯಾಗಿರಬೇಕು, ಸತ್ಯವಾಗಿರಬೇಕು, ಸೌಮ್ಯವಾಗಿರಬೇಕು, ಹಿತವಾಗಿರಬೇಕು, ಮೈತ್ರಿಯಿಂದ ಹೊರಟಿರಬೇಕು. ಸುಮ್ಮನಿರಬೇಕು ಎಂಬುದು ಈ ಪಟ್ಟಿಯಲ್ಲಿಲ್ಲ. ಅವಮಾನ ಆದಾಗ ಯಾವ ದಿನ, ಎಲ್ಲಿ, ಯಾರ ಎದುರಿಗೆ, ಏನು ಅಂದರು ಎಂದು ಬರೆದಿಡಿ. ಕಾಲೇಜಿನ ಎಸ್‌ಸಿ/ಎಸ್‌ಟಿ ಘಟಕಕ್ಕೆ, ಪ್ರಾಂಶುಪಾಲರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ಸಾರ್ವಜನಿಕವಾಗಿ ಬರೆಯಬೇಕಾದರೂ ನಡೆದದ್ದನ್ನೇ ಬರೆಯಿರಿ. ಅವರ ತಾಯಿಯನ್ನು, ಅವರ ಜಾತಿಯನ್ನು ಎಳೆದು ತಂದ ಕ್ಷಣ ದೂರು ಕೊಡುವ ಜಾಗದಲ್ಲಿದ್ದವರು ಉತ್ತರ ಕೊಡುವ ಜಾಗಕ್ಕೆ ಹೋಗುತ್ತಾರೆ. ನಮ್ಮ ಸತ್ಯ ಬದಿಗೆ ಸರಿದು ನಮ್ಮ ಬೈಗುಳದ ಸ್ಕ್ರೀನ್‌ಶಾಟ್ ಮುಂದೆ ಬರುತ್ತದೆ.

ಸತ್ಯವನ್ನು ಎಲ್ಲ ಲೆಕ್ಕ ನೋಡಿ ಹೇಳಿದ ಮೇಲೂ ಯಾರೋ ಕೆಲಸ ಕೊಡಲಿಲ್ಲ ಎಂದಾದರೆ, ಅದು ತಲೆ ಎತ್ತಿ ಭರಿಸಬಹುದಾದ ನಷ್ಟ. ಒಂದು ರಾತ್ರಿಯ ಸಿಟ್ಟಿಗೆ, ಒಂದು ಕೊಳಕು ಮೀಮ್‌ಗೆ ಕಳೆದುಕೊಂಡದ್ದನ್ನು ಹಾಗೆ ಭರಿಸಲಾಗದು. ಕೂಲಿ ಮಾಡಿ ಓದಿಸಿದ ತಾಯಿಗೆ ಏನೆಂದು ಹೇಳುವುದು?

ಹಿರಿಯರಿಗೂ ಒಂದು ಮಾತು. ಮಕ್ಕಳ ಮೊಬೈಲ್ ಕಸಿದುಕೊಂಡರೆ ಅವರು ಇನ್ನೊಂದು ಖಾತೆ ತೆರೆಯುತ್ತಾರೆ. ತಪ್ಪಾದಾಗ ಹೆದರದೆ ಬಂದು ಹೇಳಲು ಮನೆಯಲ್ಲಿ ಒಬ್ಬ ಕಲ್ಯಾಣಮಿತ್ರ ಬೇಕು. ಮತ್ತೆ, ಪರೀಕ್ಷಿಸದೆ ಫಾರ್ವರ್ಡ್ ಮಾಡುವ ಅಪ್ಪನ ಮಾತನ್ನು ಮಗಳು ಕೇಳುವುದಿಲ್ಲ.

*ಇಂದಿನ ಅಭ್ಯಾಸ:* ಇಂದು ರಾತ್ರಿ ನಮ್ಮ ನಮ್ಮ ಡಿಪಿ, ಸ್ಟೇಟಸ್, ಕಳೆದ ಹತ್ತು ಪೋಸ್ಟ್‌ಗಳನ್ನು ನಮ್ಮನ್ನು ಅರಿಯದ ಒಬ್ಬರ ಕಣ್ಣಿನಿಂದ ನೋಡೋಣ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ನಮ್ಮದನ್ನೇ ತೆರೆಯೋಣ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು. 🙏